ಪತ್ತನಾಜೆ ಕಳೆಯಿತು, ಶಾಲೆ ತೆರೆಯುತ್ತಿದೆ



ಪತ್ತನಾಜೆ ಕಳೆಯಿತು. ಕೋಲ ನೇಮಗಳಿಗೆ ವಿರಾಮ ಬಿದ್ದಿತು; ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಜಾತ್ರೆ, ಮದುವೆ ಎಂದು ತಿರುಗಿದ್ದು ಸಾಕು, ಇನ್ನು ಗದ್ದೆ ತೋಟದ ಕಡೆ ನೋಡಿರಿ ಎಂದು ನಮ್ಮ ಹಿರಿಯರು ಬೇಶ ತಿಂಗಳ ಹತ್ತನೆಯ ದಿನಕ್ಕೆ ಒಂದು ಗಡಿ ಹಾಕಿಟ್ಟಿದ್ದಾರೆ. ಆ ಗಡಿ ದಾಟಿದ ಕೆಲವೇ ದಿನಗಳಲ್ಲಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳ್ಳಿಗಳಲ್ಲಿ ಎರಡು ಹೊಸ ವರ್ಷಗಳು ಒಟ್ಟಿಗೆ ಕಾಲಿಡುತ್ತವೆ. ಒಂದು ಬೇಸಾಯದ ವರ್ಷ, ಇನ್ನೊಂದು ಶಾಲೆಯ ವರ್ಷ. ಮೇ ತಿಂಗಳ ಕೊನೆಗೆ ಶಾಲೆಯ ಗಂಟೆ ಬಾರಿಸುತ್ತದೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುತ್ತದೆ.

ಹೊಸ ಚೀಲ ಹೊತ್ತು ಬರುವ ಮಕ್ಕಳಿಗೂ, ಅವರನ್ನು ಕಾದಿರುವ ಅಧ್ಯಾಪಕರಿಗೂ, ಬಿಸಿಯೂಟದ ಒಲೆ ಹಚ್ಚುವ ಅಕ್ಕಂದಿರಿಗೂ ನಮ್ಮೆಲ್ಲರ ಶುಭಾಶಯಗಳು ಸಲ್ಲಲಿ. ಪ್ರಾರಂಭೋತ್ಸವದ ದಿನ ಮಾವಿನ ತೋರಣ ಕಟ್ಟುತ್ತೇವೆ, ಒಂದನೆಯ ತರಗತಿಯ ಮಗುವಿನ ಕೈಗೆ ಹೂ ಕೊಡುತ್ತೇವೆ, ಪಾಯಸ ಹಂಚುತ್ತೇವೆ. ಇದೆಲ್ಲ ಇರಬೇಕಾದುದೇ. ಆದರೆ ತೋರಣ ಮೂರು ದಿನಕ್ಕೆ ಬಾಡುತ್ತದೆ; ಮಗು ಹತ್ತು ತಿಂಗಳು ಶಾಲೆಗೆ ಬರಬೇಕಾಗಿದೆ. ಆ ಹತ್ತು ತಿಂಗಳಿಗೆ ಬೇಕಾದ ಸ್ವಾಗತ ಯಾವುದು? ಅದನ್ನು ಅಧ್ಯಾಪಕರೊಬ್ಬರೇ ಮಾಡಲಾರರು, ಊರೇ ಮಾಡಬೇಕು. ಹೇಗೆಂಬುದನ್ನು ಇಲ್ಲಿ ಒಂದೊಂದಾಗಿ ವಿವರಿಸಲು ಯತ್ನಿಸಿದ್ದೇನೆ.

ಮೊದಲ ತಿಂಗಳ ಬೆಲೆ

ಅಡಿಕೆಗೆ ಮದ್ದು ಬಿಡುವ ವಿಚಾರವನ್ನು ನಿಮಗೆ ನಾನು ಹೇಳಿಕೊಡಬೇಕಾದುದಿಲ್ಲ. ಕೊಳೆರೋಗ ತಗಲಿ ಉದುರಿದ ಕಾಯಿಯನ್ನು ಯಾವ ಬೋರ್ಡೋ ದ್ರಾವಣವೂ ಮರಳಿ ಗೊನೆಗೆ ಸೇರಿಸದು. ಅದಕ್ಕೆಂದೇ ಮಳೆ ಹಿಡಿಯುವ ಮೊದಲು ಒಮ್ಮೆ, ಬಳಿಕ ೪೦–೪೫ ದಿನಗಳಲ್ಲಿ ಇನ್ನೊಮ್ಮೆ ಎಂದು ಲೆಕ್ಕ ಹಿಡಿದು ಮದ್ದು ಬಿಡುತ್ತೇವೆ. ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಬರುವ ಮೊದಲೇ ತಡೆಯುವುದು ಲೇಸೆಂಬುದು ನಮ್ಮ ಅನುಭವದ ಮಾತು.

ಶಾಲೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಒಂದನೆಯ ತರಗತಿಯ ಮಗು ಅಕ್ಷರಗಳ ಆಕಾರ, ಎಣಿಕೆ, ಅಧ್ಯಾಪಕರ ಮಾತಿನ ರೀತಿ ಇವನ್ನೆಲ್ಲ ಗುರುತು ಹಿಡಿಯುವುದು ಮೊದಲ ವಾರಗಳಲ್ಲಿ. ಆಗ ತಪ್ಪಿದ ಮಗುವಿಗೆ ಉಳಿದವರು ಓದುವಾಗ ಸಂಕೋಚ ಹುಟ್ಟುತ್ತದೆ. ಸಂಕೋಚದಿಂದ ಹೊಟ್ಟೆನೋವಿನ ನೆಪ, ನೆಪದಿಂದ ರಜೆ, ರಜೆಯಿಂದ ಮತ್ತಷ್ಟು ಸಂಕೋಚ. ಕೊನೆಗೆ 'ಇವನಿಗೆ ವಿದ್ಯೆ ಹತ್ತುವುದಿಲ್ಲ' ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಹತ್ತದೆ ಹೋದುದು ವಿದ್ಯೆಯಲ್ಲ. ತಪ್ಪಿಹೋದುದು ಮೊದಲ ತಿಂಗಳು.

ದೊಡ್ಡ ತರಗತಿಯ ಮಕ್ಕಳ ಕಥೆ ಬೇರೆ. ಮದ್ದು ಬಿಡುವ ದಿನ ಪೈಪು ಹಿಡಿಯಲು, ಡ್ರಮ್ಮಿಗೆ ನೀರು ತುಂಬಿಸಲು, ನೇಜಿ ನೆಡುವ ದಿನ ಮನೆಯ ಕೂಸನ್ನು ನೋಡಿಕೊಳ್ಳಲು 'ಇವತ್ತೊಂದು ದಿನ ನಿಲ್ಲು' ಎನ್ನುತ್ತೇವೆ. ಒಂದು ದಿನವೆಂದರೆ ಸಣ್ಣದಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡೋಣ. ೨೦೧೦ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಐದನೆಯ ತರಗತಿಯ ತನಕ ವರ್ಷಕ್ಕೆ ಕನಿಷ್ಠ ೨೦೦ ದಿನ, ಆರರಿಂದ ಎಂಟನೆಯ ತರಗತಿಗೆ ಕನಿಷ್ಠ ೨೨೦ ದಿನ ಪಾಠ ನಡೆಯಬೇಕು. ವಾರಕ್ಕೆ ಆರು ದಿನದ ಶಾಲೆಯಲ್ಲಿ ಒಂದೊಂದು ದಿನ ತಪ್ಪಿಸಿದ ಏಳನೆಯ ತರಗತಿಯ ಹುಡುಗ ೨೨೦ರಲ್ಲಿ ೩೬ ದಿನ ಕಳೆದುಕೊಂಡ ಹಾಗಾಯಿತು. ಅಂದರೆ ಇಡೀ ಆರು ವಾರಗಳ ಪಾಠ! ಇದಲ್ಲದೆ ನಮ್ಮ ಜಿಲ್ಲೆಯಲ್ಲಿ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವುದೂ ಉಂಟು. ಮಳೆ ಕಸಿಯುವ ದಿನಗಳನ್ನು ನಾವು ತಡೆಯಲಾರೆವು. ನಾವಾಗಿ ಕಸಿಯುವ ದಿನಗಳನ್ನು ತಡೆಯಬಹುದಷ್ಟೆ?

ಅದಕ್ಕೆ ಉಪಾಯ ನಮ್ಮಲ್ಲಿಯೇ ಇದೆ. ಹಿಂದೆ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಕೂಡಿ ಕೆಲಸ ಮುಗಿಸುತ್ತಿದ್ದೆವು. ಅಕ್ಕಪಕ್ಕದ ನಾಲ್ಕು ಮನೆಯವರು ಕುಳಿತು, ಯಾರ ತೋಟಕ್ಕೆ ಯಾವಾಗ ಮದ್ದು, ಯಾರಲ್ಲಿ ಪಂಪು, ಯಾರು ಮರ ಹತ್ತುವವರು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಮಕ್ಕಳನ್ನು ಕರೆಯುವ ಅಗತ್ಯ ಬಾರದು. ಮೈಲುತುತ್ತಿನ ನೀರು ಕಣ್ಣಿಗೆ, ಚರ್ಮಕ್ಕೆ ಕೆಡುಕು. ಅದನ್ನು ಕಲಕುವ ಕೆಲಸ ಮಕ್ಕಳದ್ದಲ್ಲವೇ ಅಲ್ಲ. ೨೦೧೬ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯೂ ಇದನ್ನೇ ಹೇಳುತ್ತದೆ. ಹದಿನಾಲ್ಕು ತುಂಬದ ಮಗು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರಿಗೆ ಕೈಗೂಡಿಸಬಹುದು. ಅಪಾಯದ ಕೆಲಸಕ್ಕೆ ನಿಲ್ಲಿಸಕೂಡದು. ಸಂಜೆ ದನಕ್ಕೆ ಹುಲ್ಲು ಹಾಕಲಿ, ಬಿದ್ದ ಅಡಿಕೆ ಹೆಕ್ಕಲಿ. ಗಂಟೆ ಹತ್ತಾದಾಗ ಮಾತ್ರ ಶಾಲೆಯ ಬೆಂಚಿನಲ್ಲಿರಲಿ.

ಶಾಲೆಯ ದಾರಿ

ನಮ್ಮ ಮನೆಗಳು ಒಂದೆಡೆ ಗುಂಪಾಗಿಲ್ಲ. ಒಂದು ಗುಡ್ಡೆಗೆ ಒಂದು ಮನೆ, ನಡುವೆ ತೋಡು, ಆಚೆ ತೋಟ, ಅದರಾಚೆ ರಸ್ತೆ. ವರ್ಷಕ್ಕೆ ೩,೫೦೦ ಮಿಲ್ಲಿಮೀಟರಿನಷ್ಟು ಮಳೆ ಸುರಿಯುವ ಈ ಸೀಮೆಯಲ್ಲಿ ಅದರ ಬಹುಪಾಲು ಜೂನಿನಿಂದ ಸಪ್ಟೆಂಬರಿನೊಳಗೆ ಬಂದುಬಿಡುತ್ತದೆ. ಬೇಸಗೆಯಲ್ಲಿ ಮಕ್ಕಳು ಹಾರಿ ದಾಟುವ ತೋಡು ಆಟಿ ತಿಂಗಳಲ್ಲಿ ದೊಡ್ಡವರನ್ನೂ ಎಳೆದೊಯ್ಯುತ್ತದೆ. ಕುಮಾರಧಾರೆಗೆ, ಪಯಸ್ವಿನಿಗೆ, ನೇತ್ರಾವತಿಗೆ ಸೇರುವ ಇಂಥ ತೋಡುಗಳ ಮೇಲೆ ಅಡಿಕೆ ಮರದ ಕಾಲುಸಂಕಗಳು ಇಂದಿಗೂ ಇವೆ.

೨೦೨೨ರ ಆಗಸ್ಟ್ ತಿಂಗಳಲ್ಲಿ ನೆರೆಯ ಉಡುಪಿ ಜಿಲ್ಲೆಯ ಬೈಂದೂರು ಕಡೆ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರಿನ ಪಾಲಾದಳು. ಅಂಥದೇ ಸಂಕಗಳು ನಮ್ಮಲ್ಲೂ ಇರುವುದರಿಂದ ಅದು ಬೇರೆ ಊರಿನ ಸುದ್ದಿಯೆಂದು ಪಕ್ಕಕ್ಕಿಡುವ ಹಾಗಿಲ್ಲ. ಆದುದರಿಂದ ಶಾಲೆ ತೆರೆಯುವ ಮೊದಲು ಪ್ರತಿಯೊಂದು ಬೈಲಿನವರೂ ಒಂದು ದಿನ ಶ್ರಮದಾನಕ್ಕೆ ಹೊರಡಬೇಕೆಂದು ನನ್ನ ವಿನಂತಿ. ಆ ದಿನ ಮಾಡಬೇಕಾದ ಕೆಲಸಗಳಿವು:

ಒಂದು, ಹಳೆಯ ಮರವನ್ನು ಕತ್ತಿಯ ಹಿಡಿಯಿಂದ ಬಡಿದು ನೋಡಿರಿ. ಒಳಗೆ ಪೊಳ್ಳಾಗಿದ್ದರೆ ತೆಗೆದುಹಾಕಿ. ಒಂಟಿ ಮರದ ಸಂಕ ಮಕ್ಕಳಿಗಲ್ಲ. ಬಲಿತ ಮೂರು ನಾಲ್ಕು ಮರಗಳನ್ನು ಒತ್ತಾಗಿ ಕಟ್ಟಬೇಕು.

ಎರಡು, ಎರಡೂ ಬದಿಗೆ ಬಿದಿರಿನ ಕೈಹಿಡಿ ಕಟ್ಟಿರಿ. ಅದು ದೊಡ್ಡವರ ಎದೆಯ ಎತ್ತರಕ್ಕಿದ್ದರೆ ಸಾಲದು. ಆರು ವರ್ಷದ ಮಗುವಿನ ಕೈಗೆ ಎಟಕುವಂತೆ ಕೆಳಗೆ ಇನ್ನೊಂದು ಅಡ್ಡಬಿದಿರು ಇರಬೇಕು.

ಮೂರು, ಹಾವಸೆ ಕಟ್ಟಿದ ಮರವೇ ಜಾರುವ ಮರ. ಅದನ್ನು ಕೆರೆದು, ಮೇಲೆ ತೆಂಗಿನ ನಾರಿನ ಹಗ್ಗವನ್ನು ಬಿಗಿಯಾಗಿ ಸುತ್ತಿರಿ. ತಿಂಗಳಿಗೊಮ್ಮೆ ನೋಡುತ್ತಿರಿ.

ನಾಲ್ಕು, ಸಂಕಕ್ಕಿಂತ ಒಂದು ಮೊಳ ಕೆಳಗೆ ಕಂಬಕ್ಕೆ ಕೆಂಪು ಬಣ್ಣದ ಗುರುತು ಹಾಕಿರಿ. ನೀರು ಆ ಗುರುತಿಗೆ ಬಂದರೆ ಅಂದು ಯಾವ ಮಗುವೂ ದಾಟಕೂಡದು. ಬೆಳಿಗ್ಗೆಯಾದರೆ ಮನೆಯಲ್ಲಿರಲಿ, ಸಂಜೆಯಾದರೆ ಈಚೆ ದಡದ ಮನೆಯಲ್ಲಿ ಉಳಿಯಲಿ. ಯಾವ ಮನೆ ಎಂಬುದನ್ನು ಈಗಲೇ ಗೊತ್ತುಮಾಡಿ ಅಧ್ಯಾಪಕರಿಗೂ ತಿಳಿಸಿರಿ.

ಇದು ತಾತ್ಕಾಲಿಕ ಏರ್ಪಾಡು. ಕಾಂಕ್ರೀಟಿನ ಕಿರುಸೇತುವೆಯೇ ನಿಜವಾದ ಪರಿಹಾರ. ಯಾವ ಸಂಕವನ್ನು ಎಷ್ಟು ಮಕ್ಕಳು ದಾಟುತ್ತಾರೆಂಬ ಪಟ್ಟಿ ತಯಾರಿಸಿ ಗ್ರಾಮಸಭೆಯಲ್ಲಿ ಮಂಡಿಸಿರಿ, ನಡಾವಳಿಯಲ್ಲಿ ಬರೆಯಿಸಿರಿ. 'ನಮಗೊಂದು ಸಂಕ ಬೇಕು' ಎಂಬ ಮಾತಿಗಿಂತ ಮಕ್ಕಳ ಸಂಖ್ಯೆ ಬರೆದ ಕಾಗದಕ್ಕೆ ತೂಕ ಹೆಚ್ಚು. ಗಾಳಿಗೆ ವಿದ್ಯುತ್ ತಂತಿ ತುಂಡಾಗಿ ಬಿದ್ದರೆ ಹತ್ತಿರ ಹೋಗದೆ ದೊಡ್ಡವರಿಗೆ ಹೇಳಬೇಕೆಂದು ಮಕ್ಕಳಿಗೆ ಕಲಿಸಿರಿ. ಮೆಸ್ಕಾಂ ಸಹಾಯವಾಣಿಯ ಸಂಖ್ಯೆ ೧೯೧೨.

ಮಾಡು, ಬರೆ, ಬಾವಿ

ಶಾಲೆಯ ಹಂಚಿನ ಮಾಡನ್ನು ಏರಿ ನೋಡುವ ಕೆಲಸ ಮೇ ತಿಂಗಳಲ್ಲೇ ಆಗಬೇಕು. ಒಡೆದ ಹಂಚು ಬದಲಿಸಿ, ಗೆದ್ದಲು ಹಿಡಿದ ಪಕ್ಕಾಸು, ರೀಪುಗಳನ್ನು ತೆಗೆಸಿರಿ. ಮಾಡಿನ ಮೇಲೆ ಚಾಚಿದ ಒಣ ಕೊಂಬೆಗಳನ್ನು ಕಡಿಸಿರಿ.

ಗುಡ್ಡೆಯನ್ನು ಅಗೆದು ಸಮತಟ್ಟು ಮಾಡಿ ಮನೆ ಕಟ್ಟುವುದು ನಮ್ಮ ಕಡೆಯ ರೂಢಿ. ಎಷ್ಟೋ ಶಾಲೆಗಳೂ ಹಾಗೆಯೇ ನಿಂತಿವೆ. ಹಿಂಬದಿಯ ಬರೆ ಮಳೆಗಾಲದಲ್ಲಿ ಜರಿಯುವ ಭಯವಿದೆ. ೨೦೨೨ರ ಆಗಸ್ಟ್ ೧ರಂದು ಸುಬ್ರಹ್ಮಣ್ಯದಲ್ಲಿ ಗುಡ್ಡೆ ಜರಿದು ಮನೆಯೊಳಗಿದ್ದ ಇಬ್ಬರು ಮಕ್ಕಳು ತೀರಿಕೊಂಡುದನ್ನು ನಾವು ಮರೆಯುವಂತಿಲ್ಲ. ಬರೆಯ ಮೇಲ್ಗಡೆ ನೆಲದಲ್ಲಿ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ, ಬುಡದಿಂದ ಕೆಸರು ನೀರು ಒಸರತೊಡಗಿದರೆ ಅದು ಎಚ್ಚರಿಕೆಯ ಗಂಟೆ. ಕೂಡಲೇ ಆ ಬದಿಯ ಕೋಣೆಯಿಂದ ಮಕ್ಕಳನ್ನು ಹೊರಗೆ ಕರೆತಂದು ಪಂಚಾಯತಿಗೆ ತಿಳಿಸಬೇಕು. ಮಳೆ ಹಿಡಿಯುವ ಮೊದಲು ಬರೆಯ ಮೇಲ್ಗಡೆ ಅಡ್ಡವಾಗಿ ಒಂದು ಕಣಿ ತೆಗೆದು ನೀರನ್ನು ಬದಿಗೆ ಹರಿಯಬಿಟ್ಟರೆ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆ.

ಬಾವಿಯ ನೀರನ್ನು ಶುದ್ಧಮಾಡುವ ಲೆಕ್ಕ ಸುಲಭ. ಸಾವಿರ ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಎರಡೂವರೆ ಗ್ರಾಂ ಬೇಕು. ಬಾವಿಯಲ್ಲಿ ನೀರೆಷ್ಟಿದೆಯೆಂದು ತಿಳಿಯಲು ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ ೭೮೫ರಿಂದ ಗುಣಿಸಿರಿ. ಅಳತೆಗಳು ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ ಬರುತ್ತದೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ೯,೪೨೦ ಲೀಟರ್ ಆಯಿತು. ಅದಕ್ಕೆ ಸುಮಾರು ೨೪ ಗ್ರಾಂ ಪುಡಿ ಸಾಕು. ಪುಡಿಯನ್ನು ಬಕೆಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮತ್ತಷ್ಟು ನೀರು ಹಾಕಿ ಹತ್ತು ನಿಮಿಷ ಬಿಡಬೇಕು. ಗಸಿಯನ್ನು ಬಿಟ್ಟು ತಿಳಿನೀರನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ನೀರು ಸೇದಕೂಡದು. ಸಂಜೆ ಹಾಕಿ ಬೆಳಿಗ್ಗೆ ಬಳಸುವುದು ಉತ್ತಮ. ಆರನೆಯ, ಏಳನೆಯ ತರಗತಿಯ ಮಕ್ಕಳೇ ಈ ಗುಣಾಕಾರ ಮಾಡಲಿ. ಪುಡಿಯನ್ನು ದೊಡ್ಡವರು ಕಲಸಲಿ. ಹೀಗೆ ಶುದ್ಧಮಾಡಿದ ನೀರನ್ನೂ ಕುಡಿಯುವುದಕ್ಕೆ ಕುದಿಸಿಯೇ ಕೊಡಿರಿ.

ಇನ್ನೊಂದು ವೈರಿ ಡೆಂಗಿಯ ಸೊಳ್ಳೆ. ಅದು ಮೊಟ್ಟೆಯಿಡುವುದು ತಿಳಿಯಾದ, ನಿಂತ ನೀರಿನಲ್ಲಿ. ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ಹಳೆಯ ಟಯರು, ರಬ್ಬರ್ ಮರಕ್ಕೆ ಕಟ್ಟಿದ ಬಟ್ಟಲು ಎಲ್ಲವೂ ಅದಕ್ಕೆ ತೊಟ್ಟಿಲೇ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಬೇಕು. ವಾರಕ್ಕೊಂದು ನಿಶ್ಚಿತ ದಿನ ಮನೆಯಲ್ಲೂ ಶಾಲೆಯಲ್ಲೂ ನಿಂತ ನೀರನ್ನು ಚೆಲ್ಲಿ, ಪಾತ್ರೆಗಳನ್ನು ಕವುಚಿ ಹಾಕಿದರೆ ಅದರ ಸಂತಾನವೇ ಮುಂದುವರಿಯದು. ಶನಿವಾರ ಇದಕ್ಕೆ ಅನುಕೂಲವಾದ ದಿನ.

ಮನೆಯ ಮಾತು, ಶಾಲೆಯ ಮಾತು

ನಮ್ಮ ಶಾಲೆಗಳ ಒಂದನೆಯ ತರಗತಿಯ ಮಕ್ಕಳ ಮಾತನ್ನು ಕೇಳಿದ್ದೀರಾ? ಒಬ್ಬಳದು ತುಳು, ಒಬ್ಬನದು ಅರೆಭಾಷೆ, ಇನ್ನೊಬ್ಬಳದು ಹವ್ಯಕ ಕನ್ನಡ, ಮತ್ತೊಬ್ಬನದು ಬ್ಯಾರಿ, ಕೊಂಕಣಿ ಅಥವಾ ಮರಾಠಿ. ಗಡಿಯ ಕಡೆ ಮಲೆಯಾಳ. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ತಮಿಳು. ೧೯೬೪ರ ಭಾರತ–ಸಿಲೋನ್ ಒಪ್ಪಂದದ ಮೇಲೆ ಅಲ್ಲಿಂದ ಮರಳಿದವರ ಮೊಮ್ಮಕ್ಕಳು ಇವರು. ಇಷ್ಟು ಮಾತುಗಳ ಮಕ್ಕಳು ಒಂದೇ ಚಾಪೆಯಲ್ಲಿ ಕುಳಿತು ಪುಸ್ತಕದ ಕನ್ನಡವನ್ನು ಮೊದಲ ಬಾರಿಗೆ ಕೇಳುತ್ತಾರೆ. 'ಕುಳಿತುಕೋ' ಎಂದರೆ ತಿಳಿಯದೆ ನಿಂತೇ ಇರುವ ಮಗು ದಡ್ಡನಲ್ಲ. 'ಕುಳ್ಳ್' ಎಂದರೆ ಅದು ತಟ್ಟನೆ ಕುಳಿತುಕೊಳ್ಳುತ್ತದೆ.

ಮನೆಯ ಮಾತನ್ನು ಬಿಡಿಸಬೇಕೆಂದಲ್ಲ. ಸಸಿಮಡಿಯಿಂದ ಅಡಿಕೆ ಸಸಿಯನ್ನು ಕೀಳುವಾಗ ಬೇರಿನ ಸುತ್ತಲಿನ ಮಣ್ಣನ್ನು ಒದರಿ ತೆಗೆಯುತ್ತೇವೆಯೆ? ಮಣ್ಣುಗಟ್ಟಿಯ ಸಮೇತ ತಂದು ನೆಟ್ಟರೆ ಅದು ಬಾಡದೆ ಬೇರೂರುತ್ತದೆ. ಮನೆಮಾತು ಮಗುವಿನ ಬೇರಿಗಂಟಿದ ಆ ಮಣ್ಣು. ಮನೆಯಲ್ಲಿ ಅಜ್ಜಿ ತುಳುವಿನಲ್ಲೇ ಕಥೆ ಹೇಳಲಿ. ಜೊತೆಗೆ ದಿನಕ್ಕೆ ಐದಾರು ಕನ್ನಡ ಮಾತುಗಳನ್ನು ಆಟದಂತೆ ಕಲಿಸಿರಿ. ನೀರು, ಹಸಿವು, ಹೊಟ್ಟೆನೋವು, ಶೌಚಕ್ಕೆ ಹೋಗಬೇಕು ಇಷ್ಟನ್ನು ಹೇಳಲು ಬಂದ ಮಗುವಿಗೆ ಶಾಲೆಯ ಅರ್ಧ ಭಯ ಕಳೆಯಿತು. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದ ಅಧ್ಯಾಪಕರಿಗೆ ತುಳು ಬಾರದಿದ್ದರೆ ನಗಬೇಡಿರಿ. ಅವರಿಗೂ ಊರು ಹೊಸತು, ಮಳೆ ಹೊಸತು. ಬಾಡಿಗೆಗೆ ಒಂದು ಕೋಣೆ, ಒಂದೆರಡು ದಿನದ ಊಟ, ನಾಲ್ಕು ತುಳು ಮಾತು ಇವನ್ನು ಕೊಟ್ಟರೆ ಅವರು ಊರಿನವರೇ ಆಗುತ್ತಾರೆ.

ಕೆಲಸಕ್ಕೆ ಬಂದವರ ಮಕ್ಕಳು

ನಮ್ಮ ತೋಟದ ಕೆಲಸಕ್ಕೆ, ಕಲ್ಲಿನ ಕೋರೆಗೆ, ಕಟ್ಟಡಗಳಿಗೆ ಉತ್ತರ ಕರ್ನಾಟಕದಿಂದಲೂ ಹೊರ ರಾಜ್ಯಗಳಿಂದಲೂ ಸಂಸಾರ ಸಮೇತ ಬಂದವರಿದ್ದಾರೆ. ಅವರ ಮಕ್ಕಳು ಶೆಡ್ಡಿನ ಬಾಗಿಲಲ್ಲಿ ಆಡುತ್ತಿರುವುದನ್ನು ಕಂಡಿದ್ದೀರಿ. 'ಅವರಲ್ಲಿ ಕಾಗದ ಪತ್ರ ಇಲ್ಲ' ಎಂದು ಸುಮ್ಮನಾಗುವವರುಂಟು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಕೂಡದೆಂದು ಶಿಕ್ಷಣ ಹಕ್ಕು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಶಾಲೆಯನ್ನೇ ಕಾಣದ ಎಂಟು ವರ್ಷದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದೂ ಹೇಳುತ್ತದೆ. ಅವರನ್ನು ಕೆಲಸಕ್ಕಿಟ್ಟುಕೊಂಡವರು ನಾವು. ಕೈಹಿಡಿದು ಮುಖ್ಯೋಪಾಧ್ಯಾಯರ ಬಳಿಗೆ ಕರೆದೊಯ್ಯಬೇಕಾದವರೂ ನಾವೇ. ನಿಮ್ಮ ತೋಟದಲ್ಲಿ ದುಡಿಯುವವನ ಮಗಳು ನಿಮ್ಮ ಮಗಳ ಬದಿಯಲ್ಲಿ ಕುಳಿತರೆ ಶಾಲೆಗೆ ಬಲ ಬರುತ್ತದೆ.

ಊಟಕ್ಕೊಂದು ಹೊರೆಕಾಣಿಕೆ

ದೇವಸ್ಥಾನದ ಬ್ರಹ್ಮಕಲಶಕ್ಕೆ ನಾವು ಹಸಿರು ಹೊರೆಕಾಣಿಕೆ ಕೊಂಡೊಯ್ಯುವ ಸಂಭ್ರಮವೇನು! ತೆಂಗಿನಕಾಯಿ, ಬಾಳೆಗೊನೆ, ಸೌತೆ, ಕುಂಬಳ ತುಂಬಿದ ವಾಹನಗಳ ಸಾಲೇ ಹೊರಡುತ್ತದೆ. ಅದರ ನೂರರಲ್ಲೊಂದು ಪಾಲು ವರ್ಷಾರಂಭಕ್ಕೆ ಶಾಲೆಗೆ ಹೋದರೆ ಹೇಗೆ?

ಬಿಸಿಯೂಟಕ್ಕೆ ಐದನೆಯ ತರಗತಿಯ ತನಕ ಮಗುವೊಂದಕ್ಕೆ ದಿನಕ್ಕೆ ೧೦೦ ಗ್ರಾಂ, ಆರರಿಂದ ಎಂಟರ ತನಕ ೧೫೦ ಗ್ರಾಂ ಧಾನ್ಯ ಎಂದು ನಿಗದಿಯಾಗಿದೆ. ೨೦೧೩ರಿಂದ ಹಾಲೂ ಸಿಗುತ್ತಿದೆ. ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಉಂಟು. ಕೊರತೆ ಬೀಳುವುದು ತರಕಾರಿಗೆ. ಆಟಿಯಲ್ಲಿ ಪೇಟೆಯ ತರಕಾರಿ ಬೆಲೆ ಏರುತ್ತದೆ, ಸಾಂಬಾರು ತೆಳುವಾಗುತ್ತದೆ. ಪ್ರತಿ ಮನೆಯಿಂದ ವರ್ಷಕ್ಕೆ ಹತ್ತು ತೆಂಗಿನಕಾಯಿ, ಸಿಕ್ಕಾಗ ಒಂದು ಹಲಸಿನಕಾಯಿ, ಒಂದು ಕಂತೆ ಬಸಳೆ ಬಂದರೂ ಸಾಕು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಒಂದೇ ದಿನ ಎಲ್ಲರೂ ತಂದು ಕೊಳೆಯಿಸಬೇಡಿರಿ. ಬೈಲಿಗೊಂದು ವಾರದಂತೆ ಸರದಿ ಹಾಕಿಕೊಳ್ಳಿರಿ.

ಶಾಲೆಯ ಅಂಗಳದಲ್ಲಿ ಕೈತೋಟಕ್ಕೂ ಇದು ಸರಿಯಾದ ಹೊತ್ತು. ಮಳೆ ಬಲವಾಗುವ ಮೊದಲು ನೆಲವನ್ನು ಏರಿಸಿ ಸಾಲು ಮಾಡಿ, ನಡುವೆ ನೀರು ಬಸಿಯಲು ಕಣಿ ಬಿಟ್ಟು, ಹಟ್ಟಿಗೊಬ್ಬರ ಸೇರಿಸಿ ಬೆಂಡೆ, ಮುಳ್ಳುಸೌತೆ, ಹೀರೆ, ಪಡುವಲ ಹಾಕಬಹುದು. ಬಸಳೆಗೂ ತೊಂಡೆಗೂ ಒಂದು ಚಪ್ಪರವಾದರೆ ಸಾಕು, ಬಹುಕಾಲ ಕೊಯ್ಯಬಹುದು. ಬದುವಿನಲ್ಲಿ ಕೆಸು, ಮೂಲೆಯಲ್ಲಿ ಪಪ್ಪಾಯಿ, ನುಗ್ಗೆ, ಕರಿಬೇವು ಇರಲಿ. ಹರಿವೆ ಜಡಿಮಳೆಗೆ ಕೊಳೆಯುತ್ತದೆ. ಅದನ್ನು ಮಳೆ ಇಳಿದ ಮೇಲೆ ಬಿತ್ತಿರಿ. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ.

ಜಾಗ ಹೆಚ್ಚಿರುವ ಶಾಲೆಗಳು ಅಡಿಕೆ ತೋಟವನ್ನೇ ಮಾಡಿದ ಉದಾಹರಣೆಗಳು ನಮ್ಮ ಸೀಮೆಯಲ್ಲಿವೆ. ಸಾಲಿಗೆ ಸಾಲು, ಗಿಡಕ್ಕೆ ಗಿಡ ೨.೭ ಮೀಟರ್, ಅಂದರೆ ಒಂಬತ್ತು ಅಡಿ ಅಂತರ ಕೊಟ್ಟರೆ ಎಕರೆಗೆ ಸುಮಾರು ೫೫೦ ಗಿಡ ಹಿಡಿಸುತ್ತದೆ. ಐದಾರು ವರ್ಷಕ್ಕೆ ಫಸಲು ಕಾಣುತ್ತದೆ. ಅದರ ಆದಾಯ ಶಾಲೆಯದಾಗಿಯೇ ಉಳಿಯಬೇಕಾದರೆ ಲೆಕ್ಕಪತ್ರ ಚೊಕ್ಕವಾಗಿರಬೇಕು, ಇಲಾಖೆಯ ಒಪ್ಪಿಗೆ ಇರಬೇಕು. ಆದರೆ ಒಂದು ಮಾತು. ಮಕ್ಕಳು ಆಡುವ ಮೈದಾನವನ್ನು ತೋಟ ಮಾಡುವುದು ಬೇಡ. ಆಟವೂ ಒಂದು ಬೆಳೆಯೇ.

ಶಾಲೆ ಯಾರದು?

ಪುತ್ತೂರಿನ ಮೊಳಹಳ್ಳಿ ಶಿವರಾಯರ ಹೆಸರನ್ನು ಕೇಳದ ರೈತರು ನಮ್ಮಲ್ಲಿ ವಿರಳ. ೧೯೦೯ರಲ್ಲಿ ಅವರು ಪುತ್ತೂರಿನಲ್ಲಿ ಸಹಕಾರಿ ಸಂಘಕ್ಕೆ ನಾಂದಿ ಹಾಡಿದರು. ೧೯೧೪ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದುದೂ ಪುತ್ತೂರಿನಲ್ಲಿಯೇ. ಸಾಲಕ್ಕಾಗಿ ಒಬ್ಬೊಬ್ಬರೇ ಅಲೆಯುತ್ತಿದ್ದವರು ಕೂಡಿ ನಿಂತಾಗ ಬಲ ಬಂತು. ಅಡಿಕೆಯ ಬೆಲೆ ಕುಸಿದು ಕಂಗೆಟ್ಟಾಗ ೧೯೭೩ರಲ್ಲಿ ಬೆಳೆಗಾರರೇ ಕೂಡಿ ಕ್ಯಾಂಪ್ಕೊ ಕಟ್ಟಿಕೊಂಡರು. ಹಾಲಿಗೆ, ಅಡಿಕೆಗೆ, ಸಾಲಕ್ಕೆ ಸಂಘ ಕಟ್ಟಬಲ್ಲ ನಾವು ಮಕ್ಕಳ ವಿದ್ಯೆಗೆ ಕೂಡಲಾರೆವೆ?

ಕೂಡಲು ಬೇಕಾದ ಸಂಘವೂ ಸಿದ್ಧವಾಗಿಯೇ ಇದೆ. ಅದೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಕಾನೂನು. ಆದರೆ ಸಭೆಯ ದಿನ ಗಂಡಸರು ಸಹಿ ಹಾಕಿ ಹೊರಡುವುದು, ತಾಯಂದಿರು ಗೋಡೆಗೊರಗಿ ಸುಮ್ಮನಿರುವುದು ಕಾಣುತ್ತದೆ. ಮಗು ಯಾವಾಗ ಅಳುತ್ತದೆ, ಯಾವ ದಾರಿಯಲ್ಲಿ ಹೆದರುತ್ತದೆ, ಬುತ್ತಿಯಲ್ಲಿ ಏನನ್ನು ಉಳಿಸುತ್ತದೆ ಎಂದು ಬಲ್ಲವರು ಅವರೇ. ಮೊದಲು ಅವರ ಮಾತು ಕೇಳಿಬರಲಿ.

ಕೋಟದವರಾದರೂ ಪುತ್ತೂರಿನಲ್ಲಿ ನೆಲೆನಿಂತ ಡಾ. ಶಿವರಾಮ ಕಾರಂತರು ೧೯೩೦ರ ದಶಕದಲ್ಲಿಯೇ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಮಾಡಿದರು. ಮಕ್ಕಳಿಗೆಂದೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಬರೆದರು. ಮಗು ನೋಡಿ, ಆಡಿ, ಮಾಡಿ ಕಲಿಯಬೇಕೆಂಬ ವಿಚಾರ ಈ ಮಣ್ಣಿಗೆ ಹೊಸದಲ್ಲ. ನಿಮ್ಮ ಹಟ್ಟಿ, ನಿಮ್ಮ ತೋಟ, ಜೇನುಪೆಟ್ಟಿಗೆ, ಕಸಿ ಕಟ್ಟಿದ ಗೇರು ಗಿಡ ಎಲ್ಲವೂ ಪಾಠವೇ. ವರ್ಷಕ್ಕೊಮ್ಮೆ ಅಧ್ಯಾಪಕರನ್ನೂ ಮಕ್ಕಳನ್ನೂ ತೋಟಕ್ಕೆ ಕರೆಯಿರಿ. ಪುತ್ತೂರಿನಲ್ಲಿಯೇ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಮಕ್ಕಳ ಪ್ರವಾಸ ದೂರದೂರಿಗೇ ಆಗಬೇಕೆಂದಿಲ್ಲ.

ಇಷ್ಟು ಹೇಳುವುದಕ್ಕೆ ಕಾರಣವಿದೆ. ಹಳ್ಳಿಯ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಬಸ್ಸು ಬಂದು ಪೇಟೆಯ ಶಾಲೆಗೆ ಕರೆದೊಯ್ಯುತ್ತದೆ. ಇಂಗ್ಲಿಷ್ ಬೇಕೆಂಬ ಆಸೆ ತಪ್ಪಲ್ಲ. ೨೦೧೯ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾಗಿವೆ. ಯಾರ ಮಗು ಯಾವ ಶಾಲೆಗೆ ಎಂಬುದು ಅವರವರ ನಿರ್ಧಾರ. ಆದರೆ ಮಕ್ಕಳಿಲ್ಲದೆ ಊರ ಶಾಲೆ ಮುಚ್ಚಿದರೆ ನಷ್ಟವಾಗುವುದು ಬಸ್ಸಿನ ಹಣ ಕೊಡಲಾರದವನ ಮಗುವಿಗೆ, ತೋಡಿನಾಚೆಯ ಮನೆಯ ಹುಡುಗಿಗೆ. ಆರು ವರ್ಷದ ಕಾಲುಗಳು ಎಷ್ಟು ದೂರ ನಡೆದಾವು? ಒಂದರಿಂದ ಐದನೆಯ ತರಗತಿಯ ಶಾಲೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರದು ಮೂರು ಕಿಲೋಮೀಟರಿನೊಳಗೆ ಇರಬೇಕೆಂದು ರಾಜ್ಯದ ನಿಯಮವಿದ್ದರೂ ಹಾಜರಿ ಪುಸ್ತಕ ಬರಿದಾದರೆ ನಿಯಮ ಮಾತ್ರ ಗೋಡೆಯನ್ನು ಎತ್ತಿಹಿಡಿಯದು. ನಿಮ್ಮ ಮಗು ಬೇರೆಡೆ ಕಲಿಯುತ್ತಿದ್ದರೂ ನೀವು ಕಲಿತ ಶಾಲೆ ಇದೇ ಎಂಬುದನ್ನು ನೆನೆದು ಶ್ರಮದಾನಕ್ಕೆ ಬನ್ನಿರಿ.

ನೆನಪಿಗೊಂದು ಪಟ್ಟಿ

ಶಾಲೆ ತೆರೆಯುವ ಮೊದಲು: ಮಾಡು, ಬರೆ, ಕಣಿ, ಕಾಲುಸಂಕಗಳ ಕೆಲಸ, ಬಾವಿಗೆ ಬ್ಲೀಚಿಂಗ್, ಮದ್ದಿಗೆ ಮುಯ್ಯಾಳಿನ ಏರ್ಪಾಡು.

ಮೊದಲನೆಯ ವಾರ: ಒಂದನೆಯ ತರಗತಿಯ ಪ್ರತಿ ಮಗುವಿಗೂ ಅದೇ ದಾರಿಯ ದೊಡ್ಡ ಮಗುವೊಂದು ಜೊತೆ, ಹೊಸ ಅಧ್ಯಾಪಕರ ಭೇಟಿ, ಶೆಡ್ಡುಗಳಲ್ಲಿರುವ ಮಕ್ಕಳ ಸೇರ್ಪಡೆ.

ಎರಡನೆಯ ವಾರ: ಸಮಿತಿಯ ಸಭೆ; ತರಕಾರಿಯ ಸರದಿ; ಕೈತೋಟ.

ನಾಲ್ಕನೆಯ ವಾರ: ಹಾಜರಿ ಪುಸ್ತಕ ನೋಡಿ, ಮೂರು ದಿನಕ್ಕಿಂತ ಹೆಚ್ಚು ತಪ್ಪಿದ ಮಗುವಿನ ಮನೆಗೆ ಇಬ್ಬರು ಹೋಗಿ ವಿಚಾರಿಸುವುದು. ಗದರಿಸಲು ಅಲ್ಲ, ಕಾರಣ ತಿಳಿಯಲು.

ಜುಲೈ ನಡುವಿಗೆ ಎರಡನೆಯ ಮದ್ದಿನ ಕಾಲ ಬರುತ್ತದೆ. ಆಗ ಪೈಪು ಹಿಡಿಯಲು ಯಾರಿದ್ದಾರೆಂದು ಈಗಲೇ ಯೋಚಿಸಿಡಿರಿ. ಆ ದಿನ ನಿಮ್ಮ ಮಗನ ಹೆಸರು ಕೂಗಿದಾಗ ತರಗತಿಯಲ್ಲಿ 'ಬಂದಿದ್ದೇನೆ' ಎಂಬ ಉತ್ತರ ಕೇಳಿಸಿದರೆ ನಿಮ್ಮ ಸ್ವಾಗತ ಸಾರ್ಥಕವಾಯಿತೆಂದು ತಿಳಿಯಿರಿ.

ಮಳೆ ಹದವಾಗಿ ಬರಲಿ, ಅಡಿಕೆ ಗೊನೆ ತುಂಬಿ ನಿಲ್ಲಲಿ, ಶಾಲೆಯ ಬೆಂಚುಗಳೂ ತುಂಬಿರಲಿ.